ಮೂವತ್ತನಾಲ್ಕು ಮೀಟರಿನ ಆಕ್ಷೇಪ

ರತ್ನಾವತಿ ಒಳ್ಳೆಯ ಹೆಂಗಸು ಎಂದು ನಾನು ಹೇಳುವುದಿಲ್ಲ. ನಮ್ಮ ಕಟ್ಟಡದ ಇಪ್ಪತ್ತೆಂಟು ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ನೀರಿನ ಟ್ಯಾಂಕ್ ತೊಳೆಯಲು ಹತ್ತು ಗಂಟೆ ಎಂದು ನೋಟೀಸು ಹಾಕಿ ಹತ್ತೂವರೆಗೆ ಶುರು ಮಾಡಿದರೆ ಆಕೆ ಗೇಟಿನಲ್ಲಿ ನಿಂತು ಜಗಳ ತೆಗೆಯುತ್ತಾಳೆ. ನೋಟೀಸಿನಲ್ಲಿ ತಾರೀಖು ಬಿಟ್ಟುಹೋಗಿದ್ದರೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಹೋಗುತ್ತಾಳೆ. ಮುಂಬಯಿಯ ಫೋರ್ಟ್ ಪೇಟೆಯಲ್ಲಿ ಒಂದು ಹಡಗು ಕಂಪನಿಯ ಟಪಾಲು ಮೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು ಬಂದವಳು ಆಕೆ. ಬಂದ ಕಾಗದಕ್ಕೆ ಮುದ್ರೆ, ಹೋದ ಕಾಗದಕ್ಕೆ ನಂಬರು. ದಿನಾ ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ಜೋತುಬಿದ್ದು ಹೋಗಿ ಅದನ್ನೇ ಮಾಡಿ ಮಾಡಿ, ಮುದ್ರೆ ಬೀಳದ ಮಾತು ಮಾತೇ ಅಲ್ಲ ಎಂಬ ಹುಚ್ಚು ಹತ್ತಿಬಿಟ್ಟಿದೆ.

ನಾನು ಬಾಲಪ್ಪ. ಇಂಡಿ ತಾಲೂಕಿನವನು, ಇಪ್ಪತ್ತೆರಡು ವರ್ಷದಿಂದ ಡೊಂಬಿವಲಿಯವನು. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ನನ್ನ ಮನೆ, ಸ್ಟೇಷನ್ನಿನ ಹತ್ತಿರ ಝೆರಾಕ್ಸ್ ಮತ್ತು ಪ್ರಿಂಟಿಂಗ್ ಅಂಗಡಿ. ಕನ್ನಡಿಗರ ಮದುವೆ ಕಾಗದ, ಸಂಘಗಳ ರಸೀದಿ ಪುಸ್ತಕ, ಹುಟ್ಟುಹಬ್ಬದ ಬ್ಯಾನರು ನನ್ನ ಕಸುಬು. ಈ ಕಥೆಯಲ್ಲಿ ನಾನೂ ಒಳ್ಳೆಯವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ರತ್ನಾವತಿಯ ಗಂಡ ಜಯಶೀಲ ಒಂದು ಕ್ಯಾಂಟೀನಿನ ಮೇಲ್ವಿಚಾರಕನಾಗಿದ್ದ. ಐದು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಕನ್ನಡ, ಮರಾಠಿ, ಹಿಂದಿ ಎಲ್ಲ ಹೋಗಿ, ಮನೆಯಲ್ಲಿ ಆಡುತ್ತಿದ್ದ ತುಳು ಮಾತ್ರ ತೊದಲು ತೊದಲಾಗಿ ಉಳಿಯಿತು. ನೆಲಮಹಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವನ ಮಂಚ. ಕಿಟಕಿಯಾಚೆ ನಮ್ಮ ಕಾಂಪೌಂಡು, ಅದರಾಚೆ ರಸಾಯನ ಕಾರ್ಖಾನೆಗಳ ಪ್ರದೇಶ. ಅಲ್ಲಿನ ವಾಸನೆ ನಮ್ಮೆಲ್ಲರ ಮೂಗಿಗೆ ಒಗ್ಗಿಹೋಗಿದೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಲ್ಲೆಲ್ಲೋ ಅನಿಲ ಸೋರಿ ಸೈರನ್ ಕೂಗಿತು. ನಾನು ಊಟಕ್ಕೆ ಮನೆಗೆ ಬಂದಿದ್ದೆ. ಕಣ್ಣು ಉರಿಯತೊಡಗಿದಾಗ ಕಟ್ಟಡಕ್ಕೆ ಕಟ್ಟಡವೇ ರಸ್ತೆಗೆ ಓಡಿತು. ನೆಲಮಹಡಿ ದಾಟುವಾಗ ರತ್ನಾವತಿಯ ಬಾಗಿಲು ತೆರೆದಿತ್ತು. ಗಂಡನನ್ನು ಎತ್ತಲು ಹೆಣಗುತ್ತಿದ್ದ ಆಕೆ, "ಬಾಲಪ್ಪಣ್ಣ, ಒಂದು ಕೈ ಕೊಡಿ!" ಎಂದು ಕೂಗಿದಳು. ನಾನು ಓಡಿದೆ. ಮೂರು ಗಂಟೆ ಬಿಟ್ಟು ವಾಪಸು ಬಂದಾಗ ಆಕೆ ಕಿಟಕಿಗೆ ಒದ್ದೆ ಚಾದರ ಕಟ್ಟಿ, ಗಂಡನ ಮುಖಕ್ಕೆ ಒದ್ದೆ ಟವೆಲ್ ಹಿಡಿದು ಕೂತಿದ್ದಳು. ಸೈರನ್ನಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ ಎಂದೆ. ಕೇಳಿಸಿತ್ತು. ಆಕೆ ಬೈಯಲಿಲ್ಲ. ಬೈದಿದ್ದರೆ ಅಂದೇ ಮುಗಿದುಹೋಗುತ್ತಿತ್ತು.

ಈ ಸಲದ ದೀಪಾವಳಿಗೆ ಮುಂಚೆ ಆಕೆ ಒಂದು ಮರಾಠಿ ಪತ್ರಿಕೆಯ ತುಣುಕು ಹಿಡಿದು ಅಂಗಡಿಗೆ ಬಂದಳು. ಹನ್ನೊಂದನೇ ಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ರಾಜ್ಯದ ಕೈಗಾರಿಕಾ ಅಂತರ ಮಂಡಳಿಯ ಪ್ರಕಟಣೆ ಇತ್ತು. ಬೆಂಕಿ ಹಿಡಿಯುವ ರಸಾಯನದ ಟ್ಯಾಂಕುಗಳಿಗೂ ಜನವಸತಿಗೂ ನಡುವೆ ಈಗ ನೂರು ಮೀಟರ್ ಅಂತರ ಬೇಕು. ಅದನ್ನು ಮೂವತ್ತಕ್ಕೆ ಇಳಿಸುವ ಕರಡು ನಿಯಮ ಅದು. ಸಾರ್ವಜನಿಕರು ಮೂವತ್ತು ದಿನದೊಳಗೆ ಹೆಸರು, ವಿಳಾಸ, ಕಾರಣ ಬರೆದು ಆಕ್ಷೇಪ ಸಲ್ಲಿಸಬಹುದು, ಮಂಡಳಿ ಪ್ರತಿಯೊಂದಕ್ಕೂ ಉತ್ತರ ಕೊಟ್ಟೇ ನಿಯಮವನ್ನು ಸರ್ಕಾರಕ್ಕೆ ಕಳಿಸುತ್ತದೆ ಎಂದಿತ್ತು.

"ಹಿಂದಿನ ಪ್ಲಾಟು ಯಾರೋ ಹೊಸಬರು ತಗೊಂಡಿದ್ದಾರಲ್ಲ, ಅವರು ಟ್ಯಾಂಕ್ ಇಡ್ಲಿಕ್ಕೆ ಕಾಯ್ತಾ ಇದ್ದಾರೆ" ಎಂದಳು. "ನಮ್ಮ ಕಿಟಕಿಗೂ ಆ ಜಾಗಕ್ಕೂ ಮೂವತ್ತನಾಲ್ಕು ಮೀಟರ್. ನಾನು ಅಳತೆ ಮಾಡಿದ್ದೇನೆ."

"ಯಾತರ್ಲೆ ಅಳತಿ ಮಾಡಿದ್ರಿ?"

"ನಿಮ್ಮ ಬ್ಯಾನರ್ ಅಳೆಯುವ ಟೇಪು ನಿನ್ನೆ ತಗೊಂಡು ಹೋಗಿದ್ದೆ. ಆ ಕಡೆ ತುದಿ ಪ್ಲಾಟಿನ ವಾಚ್‌ಮನ್ ಹಿಡ್ಕೊಂಡ."

ಆ ಟೇಪನ್ನು ನಾನು ಬೆಳಗ್ಗೆಯಿಂದ ಹುಡುಕಿ ಸಾಯುತ್ತಿದ್ದೆ. "ಅಕ್ಕಾ, ನಿಮಗ್ಯಾಕ್ರಿ ಈ ಉಸಾಬರಿ? ಅವ್ರು ಎಲ್ಲಾ ಮೊದಲs ಠರಾಯ್ಸಿರ್ತಾರ. ಆಕ್ಷೇಪ ಗೀಕ್ಷೇಪ ಎಲ್ಲಾ ನಾಟಕ" ಎಂದು ರೇಗಿದೆ.

"ಉತ್ತರ ಕೊಡ್ತೇವೆ ಅಂತ ಅವರೇ ಬರ್ದಿದ್ದಾರೆ. ಕೊಡ್ಲಿ. ಇನ್ನೊಂದು ಸಲ ಗ್ಯಾಸ್ ಬಂದ್ರೆ ಇವರು ಓಡ್ಲಿಕ್ಕಿಲ್ಲ, ನಾನು ಇವರನ್ನು ಬಿಟ್ಟು ಹೋಗ್ಲಿಕ್ಕಿಲ್ಲ. ಮತ್ತೆ ಯಾರು ಬರ್ತಾರೆ ಅಂತ ನನಗೆ ಗೊತ್ತುಂಟು" ಎಂದಳು. ಆ ಕೊನೆಯ ಮಾತು ಯಾರಿಗೆ ಎಂದು ನಾನೇನೂ ಕೇಳಲಿಲ್ಲ.

ಮೊದಲು ಆಕೆ ಕಟ್ಟಡದ ಮನೆಯವರ ಸೊಸೈಟಿಯ ಸಭೆಗೆ ಹೋದಳು. ನಮ್ಮ ಸೊಸೈಟಿಯ ಅಧ್ಯಕ್ಷ ಜಯೇಶ್, ಮನೆ ಕೊಡಿಸುವ ದಲ್ಲಾಳಿ, ಮೂರನೇ ಮಹಡಿಯವನು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿಕೊಡುವ ಬಿಲ್ಡರ್ ಒಬ್ಬನನ್ನು ಅವನು ಎರಡು ವರ್ಷದಿಂದ ಓಲೈಸುತ್ತಿದ್ದ. ರತ್ನಾವತಿಯ ಮಾತು ಅರ್ಧ ಕೇಳುತ್ತಲೇ ಅವನು ಸಿಡಿದ. "ಅಪನೀ ಬಿಲ್ಡಿಂಗ್ ಖತರೇ ಮೇಂ ಹೈ ಅಂತ ಸರ್ಕಾರಕ್ಕೆ ನೀವೇ ಬರೆದುಕೊಟ್ಟರೆ ಯಾವ ಬಿಲ್ಡರ್ ಬರ್ತಾನೆ? ಭಾಗ್ ಜಾಯೇಗಾ!" ಕನ್ನಡಿಗರ ಜೊತೆ ಇದ್ದೂ ಇದ್ದೂ ಅವನಿಗೆ ಇಷ್ಟು ಕನ್ನಡ ಬರುತ್ತದೆ, ಬೈಯಲು ಸಾಕು. ಸಭೆ ಅವನ ಪರ ಕೈ ಎತ್ತಿತು. ನಾನೂ ಎತ್ತಿದೆ. ನನ್ನ ಅಂಗಡಿಯ ಜಾಗ ಅವನ ಅಣ್ಣನದು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗಬೇಕು, ಮಾಡಿಸಿಕೊಡುವವನು ಜಯೇಶ್. ಮರುದಿನದಿಂದ ರತ್ನಾವತಿಯ ಮುಖ ಕಂಡರೆ ಜನ ಬಾಗಿಲು ಹಾಕಿಕೊಳ್ಳತೊಡಗಿದರು. ಯಾರೋ ಪುಣ್ಯಾತ್ಮರು ಕಸದ ಚೀಲವನ್ನು ಆಕೆಯ ಹೊಸ್ತಿಲಿಗೇ ಇಟ್ಟು ಹೋದರು.

ಆಕೆ ಜಗ್ಗಲಿಲ್ಲ, ಸಂಘಕ್ಕೆ ಹೋದಳು. ಕರಾವಳಿಯವರ ಸಂಘದ ವಾರ್ಷಿಕ ಪೂಜೆ ಆ ವಾರವೇ ಪಕ್ಕದೂರು ಕಲ್ಯಾಣದಲ್ಲಿತ್ತು. ಅಧ್ಯಕ್ಷ ಸುಜನ್, ಮೂರು ಹೋಟೆಲಿನ ಒಡೆಯ. ವೇದಿಕೆಯ ಮೇಲೆ ಮೈಕು ಹಿಡಿದರೆ ನಾಡು ನುಡಿಗೆ ಪ್ರಾಣ ಕೊಡುತ್ತಾನೆ. ಅವನು ಆಕೆಗೆ ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಮೇಜು ಕೊಟ್ಟ. "ಸಹಿ ಮಾಡಿಸಿ ಅಕ್ಕ, ನಮ್ಮ ಹೆಸರು ಎಲ್ಲಿಯೂ ತರಬೇಡಿ. ಹೋಟೆಲಿನವರು ನಾವು, ಹತ್ತು ಇಲಾಖೆಯವರ ಕಾಲು ಹಿಡಿದು ಬದುಕುವವರು" ಎಂದ.

ಸಹಿಯ ಹಾಳೆ ಅಚ್ಚು ಹಾಕಿದ್ದು ನಾನು. ಇಲ್ಲಿಂದಲೇ ಕೆಟ್ಟಿತು. ಮುಂಬಯಿ ಕಡೆಯ ಕನ್ನಡಿಗರ ಪಟ್ಟಿ ಹೇಗಿರಬೇಕು ಎಂದು ನನ್ನ ಕೈಗೆ ಬಾಯಿಪಾಠ. ಮದುವೆ ಕಾಗದವಿರಲಿ, ರಸೀದಿಯಿರಲಿ, ಮನೆಯ ಯಜಮಾನನ ಹೆಸರು, ಅದರ ಮುಂದೆ ಹುಟ್ಟೂರು. ಮೂವತ್ತು ವರ್ಷ ಇಲ್ಲೇ ಹತ್ತಿರದ ದಿವಾದಲ್ಲಿ ಬಾಡಿಗೆ ಇದ್ದವನೂ ಹೆಸರಿನ ಮುಂದೆ ದಿವಾ ಎಂದು ಬರೆಯುವುದಿಲ್ಲ. ಬರೆದರೆ ಇವನು ಯಾರ ಪೈಕಿ ಎಂದೇ ಜನಕ್ಕೆ ತಿಳಿಯುವುದಿಲ್ಲ. ಸಂಘದ ರಸೀದಿಯ ನಮೂನೆಯನ್ನೇ ತೆಗೆದು, ಮೇಲೆ ಮರಾಠಿಯಲ್ಲಿ ಆಕ್ಷೇಪದ ನಾಲ್ಕು ಸಾಲು ಸೇರಿಸಿ, ಹಾಳೆ ತೆಗೆದುಕೊಟ್ಟೆ. ಅಲ್ಪವಿರಾಮಕ್ಕೂ ಜಗಳವಾಡುವ ರತ್ನಾವತಿ ಅದನ್ನು ಮೂರು ಸಲ ಓದಿದಳು. ಆಕೆಗೂ ಏನೂ ತಪ್ಪು ಕಾಣಲಿಲ್ಲ.

ಜನ ಪ್ರಸಾದದ ಕೈ ಒರೆಸಿಕೊಂಡು ಸಹಿ ಮಾಡಿದರು. ಅಶ್ಮಿತಾ ಎಂಬ ಕಾಲೇಜು ಹುಡುಗಿಯೊಬ್ಬಳು, "ಆಂಟಿ, ಆನ್‌ಲೈನ್ ಲಿಂಕ್ ನಹೀಂ ಹೈ ಕ್ಯಾ?" ಎಂದು ಕೇಳಿ, ಇಲ್ಲವೆಂದಾಗ ಅಪ್ಪನನ್ನು ಎಳೆದು ತಂದು ಸಹಿ ಹಾಕಿಸಿದಳು. ಮನೆಗೊಂದು ಸಹಿ, ಯಜಮಾನನದು. ಮುನ್ನೂರ ಎಂಬತ್ತಾರು ಆಯಿತು. ಮೊದಲ ಸಾಲಿನಲ್ಲಿ ರತ್ನಾವತಿ ಗಂಡನ ಹೆಸರು ಬರೆದು ಅವನ ಎಡಗೈ ಹೆಬ್ಬೆಟ್ಟು ಒತ್ತಿಸಿದ್ದಳು: ಜಯಶೀಲ, ಹಿರ್ಗಾನ, ಕಾರ್ಕಳ. ತನ್ನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ನನ್ನ ಹೆಸರೂ ಇರಲಿಲ್ಲ. ಆಕೆ ಕೇಳಲಿಲ್ಲ, ನಾನು ಅದೇ ನೆಪ ಮಾಡಿಕೊಂಡೆ.

ಮಂಡಳಿಯ ಕಚೇರಿ ನವಿಮುಂಬಯಿಯಲ್ಲಿ. ಆಕೆ ಒಬ್ಬಳೇ ಹೋದಳು. ಕಾಗದ ತೆಗೆದುಕೊಳ್ಳುವ ಗುಮಾಸ್ತ ಮೊದಲ ಪುಟಕ್ಕೆ ಮಾತ್ರ ಮುದ್ರೆ ಹಾಕುತ್ತೇನೆಂದ. ಈಕೆ ಎಲ್ಲ ಹಾಳೆಗೂ ಬೇಕೆಂದಳು. ಊಟದ ಹೊತ್ತು ಮುಗಿಯುವ ತನಕ ಕಿಟಕಿ ಬಿಟ್ಟು ಕದಲಲಿಲ್ಲ. ಕೊನೆಗೆ ಅವನು ಮುದ್ರೆಯನ್ನು ಆಕೆಯ ಮುಂದೆ ಎಸೆದು, ನೀನೇ ಹಾಕಿಕೋ ಎಂದನಂತೆ. ಆಕೆ ಹಾಕಿಕೊಂಡಳು, ಒಂದೂ ಓರೆಯಾಗದಂತೆ.

ಮೂರು ವಾರಕ್ಕೆ ಮಂಡಳಿಯ ಪತ್ರ ಬಂತು. ಅಂಗಡಿಯ ಕೌಂಟರಿನ ಮೇಲೆ ಆಕೆ ಅದನ್ನು ಇಟ್ಟಳು, ನಾನು ಓದಿದೆ. ಮುನ್ನೂರ ಎಂಬತ್ತಾರು ಆಕ್ಷೇಪಕರೂ ನೆರೆರಾಜ್ಯದ ಕಾರ್ಕಳ, ಉಡುಪಿ, ಕುಂದಾಪುರ ಮುಂತಾದ ಕಡೆ ವಾಸಿಸುವವರೆಂದು ಅವರ ಹಾಳೆಯಿಂದಲೇ ತಿಳಿಯುತ್ತದೆ. ಈ ನಿಯಮದಿಂದ ಅವರಿಗೆ ಬಾಧೆಯಿಲ್ಲ. ಯಾರಾದರೂ ಬಾಧಿತ ಪ್ರದೇಶದ ನಿವಾಸಿಯೆಂದು ರುಜುವಾತು ಮಾಡುವುದಿದ್ದರೆ ಠಾಣೆ ಶಹರಿನಲ್ಲಿ ನಡೆಯುವ ಸುನಾವಣಿಗೆ, ಅಂದರೆ ಅಹವಾಲು ಕೇಳುವ ಸಭೆಗೆ, ಸ್ವತಃ ಹಾಜರಾಗಬೇಕು. ಸಹಿ ಮಾಡಿದವರ ಪರವಾಗಿ ಬೇರೆಯವರು ಮಾತಾಡುವಂತಿಲ್ಲ.

"ನಂದ ತಪ್ಪು ಅಕ್ಕಾ" ಎಂದೆ.

"ಮುದ್ರೆ ಹಾಕುವಾಗ ಒಂದೊಂದು ಹಾಳೆ ನೋಡಿದ್ದೇನೆ ನಾನು. ಹಿರ್ಗಾನ, ಬೆಳ್ಮಣ್, ಬೈಂದೂರು ಅಂತ ಓದಿ ಖುಷಿ ಸಹ ಪಟ್ಟಿದ್ದೇನೆ" ಎಂದಳು. ಅಷ್ಟು ಸಿಟ್ಟಿನಲ್ಲಿ ಆಕೆಯನ್ನು ನಾನು ನೋಡಿರಲಿಲ್ಲ. ಆ ಸಿಟ್ಟು ನನ್ನ ಮೇಲಲ್ಲ, ತನ್ನ ಮೇಲೆ. ಸುಜನ್‌ಗೆ ಫೋನು ಮಾಡಿದಳು. ಸಂಘದವರು ಲೈಟ್ ಬಿಲ್ಲು ಹಿಡಿದು ಠಾಣೆಗೆ ಬರಬಹುದೇ ಎಂದು ಕೇಳಿದಳು. ಅವನು, "ಅವತ್ತು ನಮ್ಮವರದ್ದು ಒಂದು ಮದುವೆ ಉಂಟು ಅಕ್ಕ" ಎಂದ. ಬಂದರೂ ಪ್ರಯೋಜನವಿರಲಿಲ್ಲ ಬಿಡಿ, ಅವರಲ್ಲಿ ಯಾರ ಮನೆಯೂ ಆ ಪ್ಲಾಟಿನ ನೂರು ಮೀಟರಿನೊಳಗಿರಲಿಲ್ಲ. ಇದ್ದದ್ದು ಒಂದೇ ಹೆಸರು, ಜಯಶೀಲನದು.

"ಇವರನ್ನೇ ಕರ್ಕೊಂಡು ಹೋಗ್ತೇನೆ" ಎಂದಳು ರತ್ನಾವತಿ. "ನೀವು ಬರ್ಬೇಕು. ತುಳು ತಿಳಿದು ಮರಾಠಿ ಹೇಳ್ಲಿಕ್ಕೆ ಒಬ್ಬರು ಬೇಕಲ್ಲ. ನಾನು ಹೇಳಿದ್ರೆ ಹೆಂಡತಿಯೇ ಮಾತಾಡ್ತಾಳೆ ಅಂತಾರೆ."

ಇಪ್ಪತ್ತೆರಡು ವರ್ಷ ಕರಾವಳಿಯ ಗಿರಾಕಿಗಳ ಜೊತೆ ವ್ಯವಹರಿಸಿ ನನಗೆ ತುಳು ತಿಳಿಯುತ್ತಿತ್ತು, ಹೂಂ ಎಂದೆ.

ಜನ ಕಡಿಮೆಯಾದ ಹೊತ್ತು ನೋಡಿ, ಲೋಕಲ್ಲಿನ ಅಂಗವಿಕಲರ ಡಬ್ಬಿಯಲ್ಲಿ ಅವನನ್ನು ಕೂರಿಸಿಕೊಂಡು ಠಾಣೆಗೆ ಹೋದೆವು, ಅಲ್ಲಿಂದ ರಿಕ್ಷಾ. ಸಭೆ ಇದ್ದದ್ದು ಬಾಡಿಗೆಯ ಒಂದು ಹಾಲಿನಲ್ಲಿ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಕೆಳಗೆ ನಿಂತ ಸಿಪಾಯಿ, ಹನ್ನೆರಡಕ್ಕೆ ಬಾಗಿಲು ಹಾಕುತ್ತೇವೆ, ಆಮೇಲೆ ಯಾರನ್ನೂ ಬಿಡುವುದಿಲ್ಲ ಎಂದ. ಹತ್ತು ನಿಮಿಷ ಉಳಿದಿತ್ತು. ನಾನು ಜಯಶೀಲನನ್ನು ಬೆನ್ನ ಮೇಲೆ ಹಾಕಿಕೊಂಡೆ. ಅವನ ಸತ್ತ ಕೈ ನನ್ನ ಎದೆಗೆ ಬಡಿಯುತ್ತಿತ್ತು, ಎಡಗೈ ನನ್ನ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದಿತ್ತು. ಅವನು ಅಷ್ಟೇನೂ ಭಾರವಿರಲಿಲ್ಲ. ಎರಡು ವರ್ಷದ ಹಿಂದೆಯೂ ಇಷ್ಟೇ ಭಾರವಿದ್ದಿರಬೇಕು ಎಂದು ಹೊಳೆದು, ಮೆಟ್ಟಿಲ ಮೇಲೆಯೇ ನನಗೆ ಅಳು ಬಂತು. ಅದನ್ನು ಬೈಗುಳದಲ್ಲಿ ಮುಗಿಸಿದೆ, ಸಿಪಾಯಿಗೆ.

ಹಾಲಿನಲ್ಲಿ ಮುಂದಿನ ಸಾಲೆಲ್ಲ ಕಾರ್ಖಾನೆಯವರು, ಅವರ ವಕೀಲರು. ಅವರಿಗೆ ಚಿತ್ರ ತೋರಿಸಲು ಪರದೆ, ಮಾತಾಡಲು ಅರ್ಧ ಗಂಟೆ. ಜಯೇಶ್ ಕೂಡ ಬಂದಿದ್ದ, ಸೊಸೈಟಿಯ ಎಲ್ಲ ಸದಸ್ಯರೂ ಹೊಸ ನಿಯಮಕ್ಕೆ ಒಪ್ಪಿದ್ದಾರೆ ಎಂಬ ಪತ್ರ ಹಿಡಿದುಕೊಂಡು. ನಮಗೆ ಮೂರು ನಿಮಿಷ. ಮಂಡಳಿಯ ಅಧಿಕಾರಿ ಜಯಶೀಲನ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. ಅದರಲ್ಲಿ ಡೊಂಬಿವಲಿ ಎಂದೇ ಇತ್ತು.

"ಹಾಳೆಯಲ್ಲಿ ಕಾರ್ಕಳ ಅಂತ ಯಾಕೆ ಬರೆದಿದ್ದೀರಿ? ಅಲ್ಲಿಗೇ ಹೋಗಿ ಆಕ್ಷೇಪ ಕೊಡಿ" ಎಂದ ಮರಾಠಿಯಲ್ಲಿ. ಮುಂದಿನ ಸಾಲು ನಕ್ಕಿತು. ರತ್ನಾವತಿ ಎದ್ದು ಏನೋ ಹೇಳಹೊರಟಳು. "ನೀವು ಆಕ್ಷೇಪಕರಲ್ಲ, ಕೂತುಕೊಳ್ಳಿ" ಎಂದು ಅವನು ಬೆರಳು ತೋರಿಸಿದ. ಆಕೆ ಕೂತಳು. ಆ ಬೆರಳನ್ನು ಮುರಿಯಬೇಕೆನಿಸಿತು ನನಗೆ.

"ಆಕ್ಷೇಪ ಏನು, ಅವರೇ ಹೇಳಲಿ."

ಜಯಶೀಲ ಬಾಯಿ ತೆರೆದ. ತುಟಿ ಒಂದು ಕಡೆ ಎಳೆಯಿತು, ಜೊಲ್ಲು ಇಳಿಯಿತು. ಬಹಳ ಹೊತ್ತಿನ ಮೇಲೆ, "ಬಲಿಪೆರೆ ಆಪುಜಿ" ಎಂದ.

"ಓಡಲಿಕ್ಕೆ ಆಗುವುದಿಲ್ಲ ಅಂತಿದ್ದಾರೆ" ಎಂದು ಮರಾಠಿಯಲ್ಲಿ ಹೇಳಿದೆ.

ಅಧಿಕಾರಿ ಅದನ್ನೂ ನನ್ನ ಹೆಸರನ್ನೂ ಬರೆದುಕೊಂಡ. ಆಮೇಲೆ ನನ್ನತ್ತ ತಿರುಗಿ, "ನೀವೂ ಅದೇ ಕಟ್ಟಡದವರಾ? ನಿಮ್ಮದೇನಾದರೂ ಆಕ್ಷೇಪ ಇದೆಯಾ? ಇದ್ದರೆ ಈಗಲೇ ದಾಖಲಿಸುತ್ತೇನೆ" ಎಂದ. ಜಯೇಶ್ ಕುರ್ಚಿಯಲ್ಲಿ ಮುಂದೆ ಬಾಗಿ ನನ್ನನ್ನೇ ನೋಡುತ್ತಿದ್ದ. ರತ್ನಾವತಿಯೂ ನೋಡುತ್ತಿದ್ದಳು.

"ನಾನು ಬರೀ ಭಾಷಾಂತರಕ್ಕೆ ಬಂದವನು ಸಾಹೇಬ" ಎಂದೆ.

ವಾಪಸು ಬರುವಾಗ ಡಬ್ಬಿಯಲ್ಲಿ ಆಕೆ ಗಂಡನ ಪಕ್ಕ ಕೂತು ಅವನ ಜೊಲ್ಲು ಒರೆಸುತ್ತ ಬಂದಳು. ಮನೆ ಮುಟ್ಟಿ ಅವನನ್ನು ಮಂಚದ ಮೇಲೆ ಮಲಗಿಸಿದ ಮೇಲೆ, "ಚಾ ಬೇಕಾ?" ಎಂದು ಕೇಳಿದಳು. ಬೇಡವೆಂದೆ. ಮಾಡಲೂ ಇಲ್ಲ.

ಒಂದೂವರೆ ತಿಂಗಳು ಕಳೆದು ಮಂಡಳಿಯ ಉತ್ತರಗಳ ಪಟ್ಟಿ ಪ್ರಕಟವಾಯಿತು. ಆಕೆ ಅಂಗಡಿಗೆ ಬಂದು ಅದನ್ನು ಪೂರ್ತಿ ಪ್ರಿಂಟ್ ತೆಗೆಸಿದಳು, ಅರವತ್ತೆರಡು ಪುಟ. ಅಂತರ ಮೂವತ್ತು ಮೀಟರೇ ಎಂದು ಮೊದಲ ಪುಟದಲ್ಲೇ ಇತ್ತು, ಸರ್ಕಾರದ ಒಪ್ಪಿಗೆಯೊಂದು ಬಾಕಿ. ಆಕೆ ಅಲ್ಲಿಗೆ ನಿಲ್ಲಲಿಲ್ಲ. ನಿಂತಲ್ಲೇ ಒಂದೊಂದು ಹಾಳೆ ಮಗುಚುತ್ತ ಹೋಗಿ ನಲವತ್ತೇಳನೇ ಪುಟಕ್ಕೆ ನಿಂತಳು. ನನ್ನ ಮುಂದೆ ಹಿಡಿದಳು.

'ಆಕ್ಷೇಪಕರು ತಮಗೆ ಓಡಲಾಗುವುದಿಲ್ಲ ಎಂದಿದ್ದಾರೆ. ಆದರೆ ಅವರನ್ನು ನೆರೆಯವರಾದ ಶ್ರೀ ಬಾಲಪ್ಪ ಎಂಬವರು ಎರಡು ಮಹಡಿ ಹೊತ್ತು ಸುನಾವಣಿಗೆ ವೇಳೆಯೊಳಗೆ ಹಾಜರುಪಡಿಸಿರುತ್ತಾರೆ. ತುರ್ತು ಸಂದರ್ಭದಲ್ಲಿಯೂ ಈ ನೆರವು ಲಭ್ಯವಿರುವುದರಿಂದ ಆಕ್ಷೇಪವನ್ನು ತಿರಸ್ಕರಿಸಲಾಗಿದೆ.'

ನಾನು ಎರಡು ಸಲ ಓದಿದೆ. ನನ್ನ ಬೆನ್ನನ್ನೇ ಸಾಕ್ಷಿ ಮಾಡಿಕೊಂಡು ಆ ಮನುಷ್ಯನ ಕಿಟಕಿಯ ಪಕ್ಕ ಟ್ಯಾಂಕು ನಿಲ್ಲಿಸುತ್ತಿದ್ದಾರೆ.

"ನಿಮ್ಮ ಹೆಸರು ಸರಿಯಾಗಿ ಬರ್ದಿದ್ದಾರೆ" ಎಂದಳು ರತ್ನಾವತಿ.

"ಬೋಳೀಮಕ್ಕಳು!" ಎಂದು ಕೂಗಿದೆ. ಝೆರಾಕ್ಸಿಗೆ ನಿಂತಿದ್ದ ಗಿರಾಕಿಗಳು ತಿರುಗಿ ನೋಡಿದರು.

ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು: ಉತ್ತರಗಳಲ್ಲಿ ಸಂಗತಿಯ ತಪ್ಪಿದ್ದರೆ, ಅದಕ್ಕೆ ಸಂಬಂಧಪಟ್ಟವರು ಹದಿನೈದು ದಿನದೊಳಗೆ ಲಿಖಿತವಾಗಿ ತಿಳಿಸಬಹುದು, ಅದನ್ನೂ ಸೇರಿಸಿ ಸರ್ಕಾರಕ್ಕೆ ಕಳಿಸಲಾಗುವುದು. ಆಕೆ ಅದನ್ನು ನನಗೆ ತೋರಿಸಲಿಲ್ಲ. ನಾನೇ ನೋಡಿದೆ. ಕಂಪ್ಯೂಟರಿನಲ್ಲಿ ತೆರೆದಿದ್ದ ಮದುವೆ ಕಾಗದ ಮುಚ್ಚಿ ಖಾಲಿ ಹಾಳೆ ತೆಗೆದೆ. ಜಯೇಶ್ ನೆನಪಾದ, ಮುಂದಿನ ತಿಂಗಳು ಮುಗಿಯುವ ಕರಾರು ನೆನಪಾಯಿತು. ಹಾಳಾಗಿ ಹೋಗಲಿ ಎಂದುಕೊಂಡು ಬರೆಯತೊಡಗಿದೆ. ಮೊದಲ ಸಲ ನಾನು ಸರ್ಕಾರಕ್ಕೆ ನನ್ನ ಮಾತು ಬರೆಯುತ್ತಿದ್ದೆ.

'ನಾನು ಬಾಲಪ್ಪ. ನಿಮ್ಮ ಉತ್ತರದಲ್ಲಿ ನನ್ನ ಹೆಸರಿದೆ. ನನ್ನನ್ನು ಯಾರೂ ಕೇಳಿಲ್ಲ. ಎರಡು ವರ್ಷದ ಹಿಂದೆ ಅನಿಲ ಸೋರಿದ ದಿನ ನಾನು ಇವರ ಬಾಗಿಲ ಮುಂದಿನಿಂದಲೇ ಓಡಿಹೋದೆ. ಇವರನ್ನು ಎತ್ತಲಿಲ್ಲ. ಇನ್ನೊಮ್ಮೆ ಸೈರನ್ ಕೂಗಿದರೆ ಎತ್ತುತ್ತೇನೆಂದು ನನಗೇ ನಂಬಿಕೆಯಿಲ್ಲ. ನನ್ನನ್ನು ನಂಬಿ ಅಲ್ಲಿ ಟ್ಯಾಂಕು ಇಡಬೇಡಿ.'

ಪ್ರಿಂಟ್ ತೆಗೆದು ಕೊಟ್ಟೆ. ಆಕೆ ಕನ್ನಡಕ ಏರಿಸಿ, ಯಾವುದೋ ಅಪರಿಚಿತನ ಕಾಗದ ನೋಡುವಂತೆ, ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ಓದಿದಳು. ಒಳ್ಳೆಯ ಮಾತೊಂದು ಬರುತ್ತದೆಂದು ನಾನು ಕಾದೆ. ಕಾದದ್ದಕ್ಕೆ ನನಗೆ ನಾಚಿಕೆಯಿದೆ.

"ಇದು ಸಾಲುವುದಿಲ್ಲ ಬಾಲಪ್ಪಣ್ಣ" ಎಂದಳು. "ಗೊತ್ತಿಲ್ಲದೆ ಓಡಿದ್ರು ಅಂತ ತಿಳ್ಕೊಳ್ತಾರೆ. ನಾನು ಕರ್ದದ್ದು ಕೇಳಿತ್ತು ಅಂತ ಸಹ ಬರೀರಿ."

ಅಂಗಡಿಯಲ್ಲಿ ಗಿರಾಕಿಗಳು ನಿಂತೇ ಇದ್ದರು. ಆಕೆ ಕಾಗದವನ್ನು ಕೌಂಟರಿನ ಮೇಲೆ ನನ್ನತ್ತ ಸರಿಸಿದಳು. ನಾನು ಮತ್ತೆ ಕೂತು, ಅವರು ಕರೆದದ್ದು ನನಗೆ ಕೇಳಿಸಿತ್ತು ಎಂದು ಸೇರಿಸಿ, ಕೆಳಗೆ ಸಹಿ ಮಾಡಿದೆ.